ಬಿಸಿನೀರು, ತಣ್ಣೀರು ಬೆರೆಸುವ ನಲ್ಲಿ: ಯಾವ ವಿನ್ಯಾಸ ಯಾವ ಮನೆಗೆ?

ಮನೆ ಕಟ್ಟಿಸುವಾಗ ಟೈಲ್ಸ್ ಆರಿಸಲು ವಾರಗಟ್ಟಲೆ ಅಲೆಯುತ್ತೇವೆ. ನಲ್ಲಿ ಆರಿಸುವುದು ಮಾತ್ರ ಹತ್ತು ನಿಮಿಷದ ಕೆಲಸ. ಹೊಳಪು ನೋಡುತ್ತೇವೆ, ಬೆಲೆ ಕೇಳುತ್ತೇವೆ, ಮುಗಿಯಿತು. ಅಂಗಡಿಯ ಗೋಡೆಗೆ ಸಿಕ್ಕಿಸಿದ ನಲ್ಲಿಯಲ್ಲಿ ನೀರೇ ಬರುವುದಿಲ್ಲ ಅಲ್ವಾ? ಅದು ನೀರನ್ನು ಹೇಗೆ ಬೆರೆಸುತ್ತದೆ ಅನ್ನುವುದು ಗೊತ್ತಾಗುವುದು ಮನೆಗೆ ತಂದು ಕೂರಿಸಿದ ಮೇಲೆ. ಅದೂ ತಲೆಗೆ ಶಾಂಪೂ ಹಚ್ಚಿ, ಕಣ್ಣು ಮುಚ್ಚಿ ನಿಂತಾಗ.

ನಮ್ಮದು ಮೈಸೂರಿನಲ್ಲಿ ಎರಡು ಅಂತಸ್ತಿನ ಮನೆ. ತಾರಸಿ ಮೇಲೆ ನೀರಿನ ಟ್ಯಾಂಕು, ಪಕ್ಕದಲ್ಲೇ ಸೋಲಾರ್. ಅಕ್ಕನದು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟು. ಅಲ್ಲಿ ಪ್ರೆಶರ್ ಪಂಪಿನ ನೀರು, ಬಚ್ಚಲಲ್ಲಿ ಗೀಸರ್. ಈ ಎರಡು ಮನೆಗಳಲ್ಲಿ ಬೇರೆ ಬೇರೆ ಬಗೆಯ ನಲ್ಲಿಗಳನ್ನು ಬಳಸಿ ನೋಡಿದ್ದೇನೆ. ಬಿಸಿಗೊಂದು ತಣ್ಣಗೊಂದು ಅಂತ ಬಿಡಿ ನಲ್ಲಿಗಳು, ಎರಡು ತಿರುಪಿನ ವಾಲ್ ಮಿಕ್ಸರ್, ಸಿಂಗಲ್ ಲಿವರ್, ಕೊನೆಗೆ ಥರ್ಮೋಸ್ಟಾಟ್ ಇರುವ ಮಿಕ್ಸರ್. ನಾನು ನೋಡುವುದು ಮೂರೇ ಸಂಗತಿ. ಹದ ಎಷ್ಟು ಬೇಗ ಸಿಗುತ್ತದೆ? ಸಿಕ್ಕ ಹದ ನಿಲ್ಲುತ್ತದಾ? ಏನಾದರೂ ಕೈಕೊಟ್ಟರೆ ಮೈ ಸುಡುತ್ತದಾ?

ಬಿಡಿ ನಲ್ಲಿಗಳ ಮಾತು ಬೇಗ ಮುಗಿಸುತ್ತೇನೆ. ಅಲ್ಲಿ ಬೆರೆಸುವ ಕೆಲಸ ಬಕೆಟ್ಟಿನದು. ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಕೈ ಹಾಕಿ ಕಲಕಿ ನೋಡು, ಚೊಂಬಿನಲ್ಲಿ ಸುರಿದುಕೋ. ನೀರಿನ ಒತ್ತಡ ಏರಿಳಿದರೂ ಬಕೆಟ್ಟಿನ ಹದ ಕೆಡುವುದಿಲ್ಲ. ಮೈಗೆ ತಾಗುವ ಮೊದಲೇ ಕೈಗೆ ಬಿಸಿ ಗೊತ್ತಾಗುತ್ತದೆ. ಒಂದು ಬಕೆಟ್ಟು ಅಂದರೆ ಸುಮಾರು 20 ಲೀಟರು, ಅಷ್ಟರಲ್ಲಿ ಸ್ನಾನ ಮುಗಿಯುತ್ತದೆ. ಒಂದೇ ತೊಂದರೆ ಮಕ್ಕಳದು. ಬರೀ ಬಿಸಿನೀರು ಬಿಡುವ ನಲ್ಲಿ ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿರುತ್ತದೆ. ನೀರು 60 ಡಿಗ್ರಿ ಇದ್ದರೆ ಕೆಲವೇ ಸೆಕೆಂಡುಗಳಲ್ಲಿ ಚರ್ಮ ಬೆಂದುಹೋಗುತ್ತದೆ. ಬೇಸಿಗೆಯಲ್ಲಿ ನಮ್ಮ ಸೋಲಾರ್ ನೀರು ಅದಕ್ಕಿಂತ ಜಾಸ್ತಿಯೇ ಕಾದಿರುತ್ತದೆ.

ಎರಡು ತಿರುಪಿನ ವಾಲ್ ಮಿಕ್ಸರ್ ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಇರುವಂಥದ್ದು. ಎಡಕ್ಕೆ ಬಿಸಿ, ಬಲಕ್ಕೆ ತಣ್ಣೀರು. ಗೋಡೆಯ ಎರಡು ಪಾಯಿಂಟುಗಳ ನಡುವೆ 150 ಮಿಲಿಮೀಟರ್ ಅಂತರ. ಇದರಲ್ಲಿ ಹಳೆಯದು, ಹೊಸದು ಅಂತ ಎರಡು ಜಾತಿ. ಅವುಗಳ ವ್ಯತ್ಯಾಸವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಹಳೆಯದರ ಸ್ಪಿಂಡಲ್, ಅಂದರೆ ತಿರುಪಿನ ಜೊತೆ ತಿರುಗುವ ಒಳಗಿನ ಕಡ್ಡಿಯ ತುದಿಗೆ ರಬ್ಬರ್ ವಾಷರ್ ಇರುತ್ತದೆ. ಪೂರ್ತಿ ತೆರೆಯಲು ಎರಡು ಮೂರು ಸುತ್ತು ತಿರುಗಿಸಬೇಕು. ಹೊಸದರಲ್ಲಿ ಸೆರಾಮಿಕ್ ಬಿಲ್ಲೆ. ಕಾಲು ಸುತ್ತಿಗೇ ಪೂರ್ತಿ ನೀರು.

ಕಾಲು ಸುತ್ತಿನದು ಬೇಗ ತೊಟ್ಟಿಕ್ಕುವುದಿಲ್ಲ, ವಾಷರ್ ಸವೆಯುವ ಗೋಳಿಲ್ಲ. ಅದು ಒಳ್ಳೆಯದೇ. ಆದರೆ ಹದ ಹಿಡಿಯಲು ಹಳೆಯದೇ ವಾಸಿ. ಎರಡೂವರೆ ಸುತ್ತಿನಲ್ಲಿ ಹರಡಿಕೊಂಡಿದ್ದ ಕೆಲಸವನ್ನು ಕಾಲು ಸುತ್ತಿಗೆ ಇಳಿಸಿದರೆ ಕೈ ಸ್ವಲ್ಪ ಅಲುಗಿದರೂ ನೀರು ಜಾಸ್ತಿ ಬದಲಾಗುತ್ತದೆ. ಬಿಸಿಯ ತಿರುಪನ್ನು ಒಂದು ಕೂದಲಷ್ಟು ಸರಿಸಿದರೆ ಬೆನ್ನಿಗೆ ಚುರ್ ಅನ್ನುತ್ತದೆ. ಅರ್ಧ ಸುತ್ತಿನ ಸೆರಾಮಿಕ್ ಸ್ಪಿಂಡಲ್‌ಗಳೂ ಸಿಗುತ್ತವೆ. ನನ್ನ ಪ್ರಕಾರ ಬಚ್ಚಲಿಗೆ ಅದೇ ಸರಿಯಾದ ಆಯ್ಕೆ. ಬಿಗಿಯಾಗಿ ನಿಲ್ಲುತ್ತದೆ, ಹದವೂ ಸಿಗುತ್ತದೆ. ಯಾಕೋ ಅಂಗಡಿಯವರು ಕಾಲು ಸುತ್ತಿನದನ್ನೇ ಮುಂದೆ ಇಡುತ್ತಾರೆ.

ಎರಡು ತಿರುಪಿನ ಮುಖ್ಯ ಕೊರತೆ ಬೇರೆಯದು. ನಮಗೆ ಬೇಕಾದ್ದು ಎರಡು: ಎಷ್ಟು ಬಿಸಿ, ಎಷ್ಟು ನೀರು. ಆದರೆ ತಿರುಪುಗಳು ಅವಕ್ಕೆ ಹೊಂದುವುದಿಲ್ಲ. ಒಂದು ಬಿಸಿನೀರಿನದು, ಇನ್ನೊಂದು ತಣ್ಣೀರಿನದು. ನೀರು ಸ್ವಲ್ಪ ಕಡಿಮೆ ಮಾಡಬೇಕು ಅಂದರೆ ಎರಡನ್ನೂ ಮುಟ್ಟಬೇಕು. ಮುಟ್ಟಿದ ತಕ್ಷಣ ಹದ ಹೋಯಿತು. ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸಿ ಮತ್ತೆ ತೆರೆದರೆ ಮೊದಲಿನಿಂದ ಶುರು. ಹಾಗಾಗಿ ಸುಮ್ನೆ ನೀರು ಹರಿಯಲು ಬಿಟ್ಟೇ ಸೋಪು ಹಚ್ಚಿಕೊಳ್ಳುತ್ತೇವೆ. ನೀರು ಪೋಲಾಗುವುದಕ್ಕೆ ನಮ್ಮ ಉದಾಸೀನಕ್ಕಿಂತ ಈ ವಿನ್ಯಾಸ ಹೆಚ್ಚು ಕಾರಣ.

ಈ ಕೊರತೆಯಿಂದಲೇ ಸಿಂಗಲ್ ಲಿವರ್ ಹುಟ್ಟಿತು. ಅಮೆರಿಕದ ಆಲ್ ಮೊಯೆನ್ 1937ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಎರಡು ತಿರುಪಿನ ನಲ್ಲಿಯಲ್ಲಿ ಕೈ ಸುಟ್ಟುಕೊಂಡರು. ಬಿಸಿ ಎಷ್ಟು, ನೀರು ಎಷ್ಟು ಎಂಬ ಎರಡನ್ನೂ ಒಂದೇ ಹಿಡಿಗೆ ಕೊಡಬೇಕು ಅಂತ ಅವರಿಗೆ ಹೊಳೆಯಿತು. ಅವರ ನಲ್ಲಿ ಮಾರಾಟಕ್ಕೆ ಬಂದಿದ್ದು 1947ರಲ್ಲಿ. ಲಿವರ್ ಎತ್ತಿದರೆ ನೀರು, ಪಕ್ಕಕ್ಕೆ ತಿರುಗಿಸಿದರೆ ಬಿಸಿ. ಹದದ ಜಾಗದಲ್ಲೇ ಬಿಟ್ಟು ಲಿವರ್ ಇಳಿಸಿ, ಸೋಪು ಹಚ್ಚಿ, ಮತ್ತೆ ಎತ್ತಿದರೆ ಅದೇ ಹದ. ಮೊದಲ ಸಲ ಬಳಸಿದಾಗ ನನಗೆ ತುಂಬಾ ಖುಷಿಯಾದದ್ದು ಇದೇ.

ಇದರ ಜೀವ ಇರುವುದು ಲಿವರ್ ಕೆಳಗೆ ಕೂರುವ ಸಣ್ಣ ಡಬ್ಬಿಯಲ್ಲಿ, ಅಂದರೆ ಕಾರ್ಟ್ರಿಡ್ಜ್‌ನಲ್ಲಿ. ನಮ್ಮ ಮನೆಯದು 35 ಮಿಲಿಮೀಟರ್ ಅಗಲದ್ದು. ತೊಟ್ಟಿಕ್ಕಲು ಶುರುವಾದಾಗ ತೆಗೆಸಿ, ಬಿಚ್ಚಿ ನೋಡಿದೆ. ಒಳಗೆ ಎರಡು ಬಿಳಿ ಬಿಲ್ಲೆಗಳು, ಅಲ್ಯೂಮಿನಾ ಎಂಬ ಗಟ್ಟಿ ಸೆರಾಮಿಕ್‌ನವು. ಕೆಳಗಿನದು ಅಲುಗುವುದಿಲ್ಲ. ಅದರಲ್ಲಿ ಮೂರು ತೂತು: ಬಿಸಿನೀರು ಬರಲು ಒಂದು, ತಣ್ಣೀರು ಬರಲು ಒಂದು, ಬೆರೆತ ನೀರು ಹೋಗಲು ಇನ್ನೊಂದು. ಮೇಲಿನ ಬಿಲ್ಲೆಯ ಅಡಿಯಲ್ಲಿ ಒಂದು ತಗ್ಗು. ಲಿವರ್ ಎತ್ತಿದಾಗ ಆ ತಗ್ಗು ಜಾರಿಕೊಂಡು ಬಂದು ತೂತುಗಳ ಮೇಲೆ ಕೂರುತ್ತದೆ. ತಿರುಗಿಸಿದಾಗ ಒಂದು ತೂತು ಹೆಚ್ಚು ತೆರೆದು ಇನ್ನೊಂದು ಮುಚ್ಚಿಕೊಳ್ಳುತ್ತದೆ. ಒದ್ದೆ ಗಾಜಿನ ಮೇಲೆ ಇನ್ನೊಂದು ಗಾಜು ಇಟ್ಟ ಹಾಗೆ ಎರಡೂ ಬಿಲ್ಲೆ ಅಂಟಿಕೊಂಡಿರುತ್ತವೆ. ಎಳೆದರೆ ಬರುವುದಿಲ್ಲ, ಪಕ್ಕಕ್ಕೆ ಜಾರಿಸಿದರೆ ಮಾತ್ರ ಬಿಡುತ್ತವೆ. ನೀರು ಸೋರದಂತೆ ತಡೆಯುವುದು ಈ ನುಣುಪೇ. ನಮ್ಮದರಲ್ಲಿ ಮೇಲಿನ ಬಿಲ್ಲೆಗೆ ಕೂದಲೆಳೆಯಂಥ ಒಂದು ಗೆರೆ ಬಿದ್ದಿತ್ತು. ಟ್ಯಾಂಕಿನ ಮರಳಿನ ಕಣವೊಂದು ಸಿಕ್ಕಿಕೊಂಡು ಮಾಡಿದ ಕೆಲಸ. ನಲ್ಲಿಗೆ ಬರುವ ನೀರನ್ನು ಗೋಡೆಯ ಬಳಿಯೇ ನಿಲ್ಲಿಸುವ ಆಂಗಲ್ ಕಾಕ್‌ಗೆ ಜಾಲರಿ ಹಾಕಿಸಿದ ಮೇಲೆ ಹೊಸ ಕಾರ್ಟ್ರಿಡ್ಜ್ ಸದ್ದಿಲ್ಲದೆ ನಡೆಯುತ್ತಿದೆ.

ಇನ್ನು ಸೋಲಾರ್ ಇರುವ ಮನೆಯವರೆಲ್ಲ ಗಮನಿಸಬೇಕಾದ ಒಂದು ಲೆಕ್ಕ. ಸ್ನಾನಕ್ಕೆ ಹಿತವಾದದ್ದು 38ರಿಂದ 41 ಡಿಗ್ರಿ ಅಂತ ಇಟ್ಟುಕೊಳ್ಳಿ. ತಣ್ಣೀರು 25 ಡಿಗ್ರಿ. ಬಿಸಿನೀರು 50 ಡಿಗ್ರಿ ಇದ್ದರೆ ಬೆರೆತ ನೀರಿನಲ್ಲಿ ಬಿಸಿಯ ಪಾಲು ನೂರಕ್ಕೆ 52ರಿಂದ 64ರವರೆಗೆ ಇರಬಹುದು. ಅಂದರೆ ಆಡಲು 12 ಪಾಲು ಜಾಗ. ಬಿಸಿನೀರು 70 ಡಿಗ್ರಿ ಇದ್ದರೆ? ಆಗ 29ರಿಂದ 36ರ ಒಳಗೇ ಇರಬೇಕು. ಜಾಗ ಬರೀ 7 ಪಾಲು. ಅದೇ ಲಿವರ್, ಅದೇ ಕೈ, ಆದರೆ ಹದದ ಜಾಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಬೆಂಗಳೂರಿನ ಅಕ್ಕನ ಮನೆಯಲ್ಲಿ ಗೀಸರನ್ನು 50ಕ್ಕೆ ಇಟ್ಟಿದ್ದಾರೆ, ಅಲ್ಲಿ ಲಿವರ್ ಎಷ್ಟು ಸಲೀಸು ಅಂದರೆ ಯೋಚನೆಯೇ ಬೇಡ. ಅದೇ ನಮೂನೆಯ ಲಿವರ್ ನಮ್ಮ ಮನೆಯಲ್ಲಿ ಏಪ್ರಿಲ್ ತಿಂಗಳಲ್ಲಿ ಒಂದು ಬೆರಳು ಸರಿಸಿದರೆ ಸುಡುತ್ತದೆ, ಇನ್ನೊಂದು ಬೆರಳು ಸರಿಸಿದರೆ ನಡುಗಿಸುತ್ತದೆ. ಗೀಸರ್‌ಗಾದರೆ ಬಿಸಿ ಇಳಿಸಲು ಗುಂಡಿ ಇದೆ. ಸೂರ್ಯನಿಗೆ ಹೇಳಲು ಆಗುವುದಿಲ್ಲವಲ್ಲ. ಅದಕ್ಕೇ ಲಿವರ್ ಉದ್ದ ಇರುವುದನ್ನು ಆರಿಸಿ. ತಿರುಗುವ ಕೋನ ಅಷ್ಟೇ ಆದರೂ ಉದ್ದ ಹಿಡಿಯ ತುದಿಯಲ್ಲಿ ಕೈಗೆ ಓಡಾಡಲು ಹೆಚ್ಚು ಜಾಗ ಸಿಗುತ್ತದೆ. ಈಗ ಫ್ಯಾಷನ್ ಅಂತ ಬರುವ ಮೊಟಕು ಕಡ್ಡಿಯಂಥ ಹಿಡಿ ಸೋಲಾರ್ ಮನೆಗೆ ಖಂಡಿತ ಬೇಡ.

ಒತ್ತಡದ ವಿಷಯ ಇನ್ನೂ ದೊಡ್ಡದು. ಟ್ಯಾಂಕು 10 ಮೀಟರ್ ಮೇಲಿದ್ದರೆ ನಲ್ಲಿಯಲ್ಲಿ ಸುಮಾರು 1 ಬಾರ್ ಒತ್ತಡ. ನಮ್ಮ ಮಹಡಿ ಬಚ್ಚಲಿಗೂ ಟ್ಯಾಂಕಿಗೂ ಇರುವ ಎತ್ತರ 3 ಮೀಟರ್. ಅಂದರೆ 0.3 ಬಾರ್. ಅಕ್ಕನ ಮನೆಯ ಪಂಪು 3 ಬಾರ್‌ನಷ್ಟು ಕೊಡುತ್ತದೆ. ಒತ್ತಡ ಹತ್ತನೇ ಒಂದಾದರೆ ಅದೇ ತೂತಿನಲ್ಲಿ ಬರುವ ನೀರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಕಾರ್ಟ್ರಿಡ್ಜ್‌ನ ಸಣ್ಣ ತೂತುಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಮಹಡಿಯಲ್ಲಿ ಸಿಂಗಲ್ ಲಿವರ್ ಶವರ್ ಅಂದರೆ ಸಣ್ಣ ಸೋನೆ. ಅದೇ ಜಾಗದಲ್ಲಿ ಎರಡು ತಿರುಪಿನದನ್ನು ಕೂರಿಸಿದಾಗ ನೀರು ಕಣ್ಣಿಗೆ ಕಾಣುವಷ್ಟು ಹೆಚ್ಚಿತು, ಅದರ ಒಳದಾರಿ ಅಗಲ.

ನೀರು ಸಾಲದು ಅಂತ ಕೆಲವರು ತಣ್ಣೀರಿನ ಪೈಪಿಗೆ ಮಾತ್ರ ಪಂಪು ಹಾಕಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಸಿನೀರು ಸೋಲಾರ್‌ನಿಂದ ತನ್ನ ಪಾಡಿಗೆ ಇಳಿದು ಬರುತ್ತಿರುತ್ತದೆ, ತಣ್ಣೀರು ಪಂಪಿನ ಜೋರಿನಲ್ಲಿ ನುಗ್ಗುತ್ತದೆ. ಮಿಕ್ಸರ್‌ನ ಎರಡೂ ಕಡೆ ತೆರೆದಿದ್ದು, ಹ್ಯಾಂಡ್ ಶವರ್‌ನ ಗುಂಡಿ ಮಾತ್ರ ಮುಚ್ಚಿದ್ದರೆ ತಣ್ಣೀರಿಗೆ ಹೋಗಲು ದಾರಿ ಒಂದೇ: ಬಿಸಿನೀರಿನ ಪೈಪಿನಲ್ಲಿ ಹಿಂದಕ್ಕೆ, ಸೀದಾ ಸೋಲಾರ್ ಟ್ಯಾಂಕಿಗೆ. ನಮ್ಮ ಬೀದಿಯ ಒಂದು ಮನೆಯಲ್ಲಿ ಹೀಗೇ ಆಗಿ ಸೋಲಾರ್‌ನ ಗಾಳಿ ಹೊರಹೋಗುವ ಏರ್ ವೆಂಟ್ ಪೈಪಿನಿಂದ ತಾರಸಿಗೆ ನೀರು ಸುರಿಯುತ್ತಿತ್ತು. ಸೋಲಾರ್ ಕೆಟ್ಟಿದೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಬಿಸಿನೀರಿನ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿದ ಮೇಲೆ ನಿಂತಿತು. ವಾಲ್ವ್ ಹಿಮ್ಮುಖ ಹರಿವನ್ನು ತಡೆಯುತ್ತದೆ ಅಷ್ಟೇ, ಒತ್ತಡವನ್ನು ಸಮ ಮಾಡುವುದಿಲ್ಲ. ಎರಡೂ ನೀರು ಒಂದೇ ಟ್ಯಾಂಕಿನ ಮಟ್ಟದಿಂದ ಬರಬೇಕು, ಇಲ್ಲವೇ ಎರಡಕ್ಕೂ ಪಂಪು ಇರಬೇಕು.

ಇನ್ನು ಥರ್ಮೋಸ್ಟಾಟ್ ಮಿಕ್ಸರ್. ಇದನ್ನು ಅಕ್ಕ ಹಾಕಿಸಿದ್ದು ಅಮ್ಮನಿಗಾಗಿ. ಅಮ್ಮನ ಬೆರಳುಗಳು ಈಗ ಬಿಗಿ, ಬಿಸಿ ತಾಗುವುದೂ ಅವರಿಗೆ ತಡವಾಗಿ ಗೊತ್ತಾಗುತ್ತದೆ. ಇದರಲ್ಲಿ ಒಂದು ಹಿಡಿಯ ಮೇಲೆ ಡಿಗ್ರಿ ಬರೆದಿರುತ್ತದೆ, ಇನ್ನೊಂದು ನೀರು ಬಿಡಲು. ಒಳಗೆ ಮೇಣ ತುಂಬಿದ ಸಣ್ಣ ಡಬ್ಬಿ ಇದೆ. ಬೆರೆತ ನೀರು ಬಿಸಿಯಾದರೆ ಮೇಣ ಹಿಗ್ಗಿ ಬಿಸಿನೀರಿನ ದಾರಿಯನ್ನು ಕಿರಿದು ಮಾಡುತ್ತದೆ, ತಣ್ಣಗಾದರೆ ಕುಗ್ಗಿ ಬಿಡಿಸುತ್ತದೆ. ಕರೆಂಟು ಬೇಡ. 38 ಡಿಗ್ರಿಗೆ ಒಂದು ತಡೆ ಇದೆ. ಅದನ್ನು ದಾಟಬೇಕಾದರೆ ಗುಂಡಿ ಒತ್ತಿಯೇ ತಿರುಗಿಸಬೇಕು. ಒಮ್ಮೆ ಅಲ್ಲೇ ನಿಂತು ತಣ್ಣೀರಿನ ಆಂಗಲ್ ಕಾಕನ್ನು ಪೂರ್ತಿ ಮುಚ್ಚಿ ನೋಡಿದೆ. ಶವರ್ ತಾನಾಗಿಯೇ ಸೊರಗಿ ನಿಂತುಬಿಟ್ಟಿತು. ಬಿಸಿನೀರು ಮೈಮೇಲೆ ಬೀಳಲಿಲ್ಲ. ನಾನು ಬಳಸಿದ ಬೇರೆ ಯಾವ ನಲ್ಲಿಯೂ ಹೀಗೆ ಕಾಯುವುದಿಲ್ಲ. ವಯಸ್ಸಾದವರು, ಮಕ್ಕಳು ಇರುವ ಮನೆಯಲ್ಲಿ ಇದಕ್ಕೆ ಕೊಡುವ ದುಡ್ಡು ಎಷ್ಟಾದರೂ ಸರಿ ಅಂತ ನನಗೆ ಅನಿಸಿದ್ದು ಆಗಲೇ.

ಹಾಗಂತ ಎಲ್ಲ ಮನೆಗೂ ಹೇಳುವ ಹಾಗಿಲ್ಲ. ಇಂಥ ಹೆಚ್ಚಿನ ಮಿಕ್ಸರ್‌ಗಳಿಗೆ ಒಳ್ಳೆಯ ಒತ್ತಡ ಬೇಕು, ಎರಡೂ ಕಡೆ ಹೆಚ್ಚುಕಡಿಮೆ ಸಮ ಇರಬೇಕು. ಬಿಸಿನೀರು ನಾವು ಕೇಳುವ ಹದಕ್ಕಿಂತ ಸಾಕಷ್ಟು ಬಿಸಿ ಇರಬೇಕು. ಮಳೆಗಾಲದಲ್ಲಿ ಸೋಲಾರ್ ನೀರು ಉಗುರು ಬೆಚ್ಚಗೆ ಬರುವಾಗ ಮೇಣದ ಡಬ್ಬಿಗೆ ಮಾಡಲು ಏನೂ ಉಳಿಯುವುದಿಲ್ಲ. ಗಡಸು ನೀರೂ ಇದಕ್ಕೆ ಆಗದು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಬಿಳಿ ಉಪ್ಪು ಕಟ್ಟಿ ಒಳಗೆ ಸರಿದಾಡುವ ಭಾಗ ಬಿಗಿದುಕೊಳ್ಳುತ್ತದೆ. ಆಗಾಗ ಹಿಡಿಯನ್ನು ತಣ್ಣಗಿನ ತುದಿಯಿಂದ ಬಿಸಿ ತುದಿಯವರೆಗೆ ತಿರುಗಿಸುತ್ತಿದ್ದರೆ ಅದು ಸಡಿಲವಾಗಿರುತ್ತದೆ. ಅಕ್ಕ ಬಚ್ಚಲು ತೊಳೆಯುವಾಗಲೆಲ್ಲ ಇದನ್ನು ಮಾಡುತ್ತಾಳೆ.

ನಮ್ಮ ಮನೆಯಲ್ಲಿ ಈಗ ಇರುವುದು ಹೀಗೆ. ಮಹಡಿ ಬಚ್ಚಲಿಗೆ ಅರ್ಧ ಸುತ್ತಿನ ಎರಡು ತಿರುಪಿನ ವಾಲ್ ಮಿಕ್ಸರ್, ಪಕ್ಕದಲ್ಲಿ ಬಕೆಟ್ಟು. ಕೆಳಗಿನ ಬಚ್ಚಲಿಗೆ ಉದ್ದ ಹಿಡಿಯ ಸಿಂಗಲ್ ಲಿವರ್, ಅಲ್ಲಿ ಎತ್ತರ ದುಪ್ಪಟ್ಟು ಇರುವುದರಿಂದ ನೀರು ಚೆನ್ನಾಗಿ ಬರುತ್ತದೆ. ವಾಷ್ ಬೇಸಿನ್‌ಗೆ ಸಿಂಗಲ್ ಲಿವರ್‌ನಲ್ಲೇ ಇನ್ನೊಂದು ಬಗೆ. ಅದರ ಲಿವರ್ ನಡುವಲ್ಲಿದ್ದಾಗ ಬರೀ ತಣ್ಣೀರು ಬರುತ್ತದೆ, ಎಡಕ್ಕೆ ತಿರುಗಿಸಿದರೆ ಮಾತ್ರ ಬಿಸಿ. ಸಾಮಾನ್ಯ ಲಿವರ್ ಸುಮ್ನೆ ಎತ್ತಿದರೂ ಅರ್ಧ ಬಿಸಿನೀರು ಎಳೆಯುತ್ತದೆ. ಕೈ ತೊಳೆಯುವ ಹೊತ್ತಿಗೆ ಆ ಬಿಸಿನೀರು ನಲ್ಲಿಗೆ ಬಂದೇ ಇರುವುದಿಲ್ಲ, ಪೈಪಿನಲ್ಲೇ ಆರಿಹೋಗುತ್ತದೆ. ಮುಕ್ಕಾಲು ಇಂಚಿನ ಪೈಪು 10 ಮೀಟರ್ ಇದ್ದರೆ ಅದರೊಳಗೇ ಎರಡೂವರೆ ಲೀಟರ್ ನಿಲ್ಲುತ್ತದೆ, ನೋಡಿ.

ನೀವು ಹೊಸದಾಗಿ ಕಟ್ಟಿಸುತ್ತಿದ್ದರೆ ಗೋಡೆಗೆ ಪ್ಲಾಸ್ಟರ್ ಆಗುವ ಮೊದಲು ಪ್ಲಂಬರ್ ಹತ್ತಿರ ಕೂತು ಮಾತಾಡಿ. ಬಚ್ಚಲಿನ ತಣ್ಣೀರಿಗೆ ಟ್ಯಾಂಕಿನಿಂದಲೇ ಬೇರೆ ಪೈಪು ಇಳಿಸಲಿ, ಫ್ಲಶ್‌ನ ಪೈಪಿಗೆ ಸೇರಿಸುವುದು ಬೇಡ. ಸೇರಿಸಿದರೆ ಯಾರಾದರೂ ಫ್ಲಶ್ ಮಾಡಿದಾಗಲೆಲ್ಲ ಶವರ್ ಕೆಳಗಿರುವವರ ತಲೆ ಮೇಲೆ ಬಿಸಿನೀರು ಬೀಳುತ್ತದೆ. ಬಿಸಿನೀರಿನ ಪೈಪು ಎಡಕ್ಕೇ ಬರಲಿ ಅಂತ ಗೋಡೆ ಮೇಲೆ ಬಳಪದಲ್ಲಿ ಬರೆದುಬಿಡಿ. ಮಿಕ್ಸರ್ ಯಾವುದು ಅಂತ ಅದಾದ ಮೇಲೆ ಆರಿಸಬಹುದು.