ಇಂಗ್ಲೆಂಡಿನಲ್ಲಿ ಮನೆ: ದೇಶ ಬಿಡುವ ಮೊದಲೋ, ಬಿಟ್ಟ ಮೇಲೋ?

ಬ್ರಿಟನ್ ಬಿಟ್ಟು ವಿದೇಶಕ್ಕೆ ಹೊರಟವರು ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವುದಾದರೆ ಹೊರಡುವ ಮೊದಲೇ ಕೊಳ್ಳುವುದು ಲೇಸು. ಖರೀದಿಗೆ ಹಿಂದಿನ 12 ತಿಂಗಳಲ್ಲಿ 183 ದಿನ ಬ್ರಿಟನ್ನಿನಲ್ಲಿದ್ದರೆ ಮುದ್ರಾಂಕ ಶುಲ್ಕದ ಮೇಲೆ ಅನಿವಾಸಿ ಹೊರೆ ಬೀಳದು. ಲೆಕ್ಕ ಮಧ್ಯರಾತ್ರಿಯದು: ಸಂಜೆಯ ವಿಮಾನ ಹತ್ತಿದಿರೋ, ಆ ದಿನ ಕೈತಪ್ಪಿತು.

ಬಿಟ್ಟ ಮೇಲೆ, ಆ 183 ದಿನ ತುಂಬದೆ ಕೊಂಡರೆ ಮನೆ ಬೆಲೆಯ ಶೇ 2 ಹೆಚ್ಚುವರಿ. 2021ರ ಏಪ್ರಿಲ್‌ನಿಂದ ಈ ನಿಯಮವಿದೆ. 5 ಲಕ್ಷ ಪೌಂಡ್ ಮನೆಗೆ 10,000 ಪೌಂಡ್! ಬೇಗ ಮರಳಿ ಬಂದು 183 ದಿನ ನೆಲೆಸಿದವರು ಮರುಪಾವತಿ ಕೇಳಬಹುದು.

ಆದಾಯ ತೆರಿಗೆಯ ನಿವಾಸಿತ್ವಕ್ಕೆ ಅಳತೆಗೋಲೇ ಬೇರೆ. ಅದು ಏಪ್ರಿಲ್ 6ರಿಂದ ಶುರುವಾಗುವ ತೆರಿಗೆ ವರ್ಷವನ್ನು ನೋಡುತ್ತದೆ. 183 ದಿನ ತುಂಬದಿದ್ದರೂ ಮನೆ, ಕುಟುಂಬ, ಕೆಲಸದ ನಂಟು ನಿಮ್ಮನ್ನು ನಿವಾಸಿಯಾಗಿಸಬಹುದು. ಬಾಡಿಗೆಗೆ ಕೊಟ್ಟರೆ, ಯಾವಾಗ ಕೊಂಡಿದ್ದರೂ, ಆ ಆದಾಯದ ಮೇಲೆ ಬ್ರಿಟನ್ನಿಗೆ ತೆರಿಗೆಯ ಹಕ್ಕಿದೆ.