ಪಾರಿವಾಳದ ಗೂಡಿಗೆ ಯಾವ ನೆಲ? ಪೇಪರ್, ಹೊಟ್ಟು, ಜಾಲರಿ, ಬರೀ ಹಲಗೆ

ಬೆಂಗಳೂರಿನ ನಮ್ಮ ಮನೆ ತಾರಸಿ ಮೇಲೆ 6 ಅಡಿ ಅಗಲ, 8 ಅಡಿ ಉದ್ದದ ಗೂಡಿದೆ. ಒಳಗೆ 18 ಹೋಮರ್ ಪಾರಿವಾಳ, ಅಂದ್ರೆ ದೂರ ಬಿಟ್ಟರೂ ಗೂಡಿಗೆ ಮರಳುವ ತಳಿ. ನೆಲಕ್ಕೆ ಏನು ಹಾಕಿದರೆ ಗೂಡು ಚೊಕ್ಕವಾಗಿರುತ್ತೆ ಅಂತ ನಾಲ್ಕು ಬಗೆ ಮಾಡಿ ನೋಡಿದ್ದೇನೆ.

ಮೊದಲು ಹಳೇ ಪೇಪರ್. ಖರ್ಚಿಲ್ಲ, ಬೆಳಿಗ್ಗೆ ಸುತ್ತಿ ಎಸೆದರೆ ಆಯ್ತು. ಆದರೆ ಹಕ್ಕಿ ರೆಕ್ಕೆ ಬಡಿದರೆ ಸಾಕು, ಹಾಳೆ ಎದ್ದು ಮೂಲೆ ಸೇರುತ್ತದೆ. ಮರಿ ಮಾಡುವ ಬೋಗುಣಿಗೂ ಪೇಪರ್ ಹಾಕಿದ್ದು ನನ್ನ ದೊಡ್ಡ ತಪ್ಪು. ಜಾರುವ ಹಾಳೆ ಮೇಲೆ ಒಂದು ಮರಿಗೆ ಕಾಲು ಊರೋಕೆ ಆಗಲಿಲ್ಲ, ಎರಡೂ ಕಾಲು ಪಕ್ಕಕ್ಕೆ ಚಾಚಿಕೊಂಡವು. ಈಗಲೂ ಬೇಜಾರಾಗುತ್ತದೆ. ಬೋಗುಣಿಗೆ ಈಗ ಒಣಗಿದ ಬೇವಿನ ಕಡ್ಡಿ, ಪೊರಕೆ ಕಡ್ಡಿ ಅಷ್ಟೇ.

ಆಮೇಲೆ ಕೋಳಿ ಫಾರಂನವರ ಹಾಗೆ ಎರಡು ಇಂಚು ಭತ್ತದ ಹೊಟ್ಟು. ಬೇಸಿಗೆಯಲ್ಲಿ ಬಹಳ ಚೆನ್ನಾಗಿತ್ತು. ಹಿಕ್ಕೆಯ ತೇವ ಹೀರಿಕೊಳ್ಳುತ್ತದೆ, ವಾಸನೆ ಇಲ್ಲ. ಮಳೆಗಾಲ ಬಂತು, ಇರಚಲು ಒಳಗೆ ಹೊಡೆಯಿತು. ಮೇಲೆ ಒಣಗಿದಂತೆ ಕಂಡರೂ ಕೈ ಹಾಕಿದರೆ ಕೆಳಗೆ ಬೂಷ್ಟು. ಚೆಲ್ಲಿದ ಜೋಳವನ್ನು ಹಕ್ಕಿಗಳು ಅದರಲ್ಲೇ ಕೆದಕಿ ತಿನ್ನುತ್ತಿದ್ದವು. ತೆಗೆದುಬಿಟ್ಟೆ.

ಜಾಲರಿ ನೆಲ ನೋಡೋಕೆ ಎಲ್ಲಕ್ಕಿಂತ ಚೊಕ್ಕ. ಹಿಕ್ಕೆ ಕೆಳಗಿನ ಟ್ರೇಗೆ ಬೀಳುತ್ತದೆ, ಹಕ್ಕಿಯ ಕಾಲಿಗೆ ಅಂಟುವುದು ಕಡಿಮೆ. ಆದರೆ ತಂತಿ ಸೇರುವ ಕಡೆಯೆಲ್ಲ ಪುಕ್ಕ, ಹಿಕ್ಕೆ ಸೇರಿ ಗಟ್ಟಿಯಾಗುತ್ತದೆ. ಪ್ರತಿ ಭಾನುವಾರ ಬ್ರಷ್ ಹಿಡಿದು ಒಂದು ಗಂಟೆ ಉಜ್ಜಬೇಕಿತ್ತು.

ಈಗ ಇರುವುದು ಬರೀ ಪ್ಲೈವುಡ್ ಹಲಗೆ, ಒಂದು ಕರಣೆ. ದಿನಾ ಬೆಳಿಗ್ಗೆ ಹಕ್ಕಿ ಹೊರಗೆ ಬಿಟ್ಟು ಕೆರೆಯುತ್ತೇನೆ, ಹತ್ತು ನಿಮಿಷದ ಕೆಲಸ. ದಿನ ತಪ್ಪಿಸಬಾರದು. ಕಾಕ್ಸಿಡಿಯಾ ಅನ್ನೋ ಕರುಳಿನ ಪರಾವಲಂಬಿಯ ಮೊಟ್ಟೆಗಳು ಹಿಕ್ಕೆಯಲ್ಲಿ ಬಂದ ತಕ್ಷಣವೇ ರೋಗ ಅಂಟಿಸುವುದಿಲ್ಲ. ತೇವ ಸಿಕ್ಕರೆ ಒಂದೆರಡು ದಿನದಲ್ಲಿ ರೋಗ ಹರಡುವ ಹಂತಕ್ಕೆ ಬರುತ್ತವೆ. ಅಷ್ಟರೊಳಗೆ ತೆಗೆದರೆ ಅರ್ಧ ಕಾಟ ತಪ್ಪಿತು. ಇದೇ ಕಾರಣಕ್ಕೆ ನಾನು ನೀರು ಹಾಕಿ ತೊಳೆಯುವುದೇ ಇಲ್ಲ. ಮಳೆಗಾಲದಲ್ಲಿ ಅರಳಿದ ಸುಣ್ಣದ ಪುಡಿ ಒಂದು ಹಿಡಿ ಎರಚಿ, ಗುಡಿಸಿದ ಮೇಲೆ ಹಕ್ಕಿ ಒಳಗೆ ಬಿಡುತ್ತೇನೆ. ಸುಡು ಸುಣ್ಣ ಖಂಡಿತ ಬೇಡ, ಕಾಲು ಸುಡುತ್ತದೆ.

ಹಲಗೆ ನನಗೆ ಇಷ್ಟವಾಗೋಕೆ ಇನ್ನೊಂದು ಕಾರಣ ಇದೆ. ಹಿಕ್ಕೆ ಕಣ್ಣಿಗೆ ಕಾಣುತ್ತದೆ. ಆರೋಗ್ಯವಾಗಿರುವ ಪಾರಿವಾಳದ್ದು ಕಂದು ಬಣ್ಣದ ಗಟ್ಟಿ ಗುಂಡು, ಮೇಲೊಂದು ಬಿಳಿ ಟೋಪಿ. ಹೋದ ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಮೂಲೆಯಲ್ಲಿ ಹಕ್ಕಿ ಕೂರುವ ಅಡ್ಡೆ ಕೆಳಗೆ ಹಸಿರು ನೀರಿನಂಥ ಹಿಕ್ಕೆ ಹರಡಿತ್ತು. ಆ ಅಡ್ಡೆ ಮೇಲೆ ನಮ್ಮ ನೀಲಿ ಗಂಡು ಬೇರೆ ಯಾರನ್ನೂ ಕೂರೋಕೆ ಬಿಡಲ್ಲ. ಅವತ್ತೇ ಅದನ್ನು ಬೇರೆ ಪಂಜರಕ್ಕೆ ಹಾಕಿ ಪಶುವೈದ್ಯರಿಗೆ ತೋರಿಸಿದೆ, ಉಳಿಯಿತು. ಹೊಟ್ಟಿನಲ್ಲಿ ಇದು ಹೂತುಹೋಗುತ್ತಿತ್ತು, ಟ್ರೇಯಲ್ಲಿ ಎಲ್ಲದರ ಜೊತೆ ಕಲಸಿಹೋಗುತ್ತಿತ್ತು, ಅಲ್ವಾ?

ಹಲಗೆಯ ತೊಂದರೆ ಅಂದ್ರೆ ಧೂಳು. ಪಾರಿವಾಳದ ಪುಕ್ಕದ ಪುಡಿ, ಒಣ ಹಿಕ್ಕೆಯ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಹಾಳಾಗಬಹುದು. ಎನ್-95 ಮಾಸ್ಕ್ ಹಾಕದೆ ನಾನು ಕರಣೆ ಮುಟ್ಟುವುದಿಲ್ಲ, ಮಕ್ಕಳನ್ನು ಆ ಹೊತ್ತಿಗೆ ತಾರಸಿಗೆ ಬಿಡುವುದಿಲ್ಲ.

ಜಾಲರಿಯನ್ನು ಮಾತ್ರ ಗುಜರಿಗೆ ಹಾಕಿಲ್ಲ. ಎರಡಡಿ ತುಂಡು ಕತ್ತರಿಸಿ, ಕೆಳಗೊಂದು ತಟ್ಟೆ ಇಟ್ಟು, ಅದರ ಮೇಲೆ ನೀರಿನ ಪಾತ್ರೆ ಇಟ್ಟಿದ್ದೇನೆ. ಚೆಲ್ಲಿದ ನೀರು ತಟ್ಟೆಗೆ ಇಳಿಯುತ್ತದೆ, ಹಲಗೆ ಒಣಗೇ ಇರುತ್ತದೆ.