1969ರ ಕಮಾರೊಗೆ ಸೆಂಟರ್‌ಫೋರ್ಸ್ ಡ್ಯುಯಲ್ ಫ್ರಿಕ್ಷನ್ ಕ್ಲಚ್: ಕೊಳ್ಳುವ ಮುನ್ನ

350 ಕ್ಯೂಬಿಕ್ ಇಂಚಿನ ಎಂಜಿನ್, ಮನ್ಸಿ ಎಂಬ ಗೇರ್‌ಬಾಕ್ಸಿನ ನಾಲ್ಕು ಗೇರ್‌ನ ಶೆವರ್ಲೆ ಕಮಾರೊ ಕಾರು ರಸ್ತೆಯಲ್ಲೇ ಹೆಚ್ಚು ಓಡುವುದಾದರೆ ಈ ಕ್ಲಚ್ ಒಳ್ಳೆಯ ಆಯ್ಕೆ. ಡಿಸ್ಕಿನ ಪ್ರೆಶರ್ ಪ್ಲೇಟ್ (ಡಿಸ್ಕನ್ನು ಒತ್ತಿಹಿಡಿಯುವ ತಟ್ಟೆ) ಬದಿಗೆ ಪೂರ್ತಿ ಲೈನಿಂಗ್ (ಹಿಡಿತ ಕೊಡುವ ಪದರ), ಫ್ಲೈವೀಲ್ (ಎಂಜಿನ್ ತಿರುಗಿಸುವ ಭಾರದ ಚಕ್ರ) ಬದಿಗೆ ತುಂಡು ತುಂಡಾದ ಕಾರ್ಬನ್ ಕಾಂಪೋಸಿಟ್. ಹಿಡಿತ ಗಟ್ಟಿ, ಆದರೂ ಸಿಗ್ನಲ್‌ನಲ್ಲಿ ಗಾಡಿ ನಯವಾಗಿ ಎತ್ತುತ್ತದೆ. ಡಯಾಫ್ರಂ (ಪ್ರೆಶರ್ ಪ್ಲೇಟಿನ ಚಪ್ಪಟೆ ಸ್ಪ್ರಿಂಗ್) ಬೆರಳುಗಳ ಮೇಲಿನ ತೂಕಗಳು ಆರ್‌ಪಿಎಂ ಏರಿದಂತೆ ಒತ್ತಡ ಹೆಚ್ಚಿಸುವುದರಿಂದ ಪೆಡಲ್ ಹಗುರವಾಗಿಯೇ ಇರುತ್ತದೆ. ಬರೀ ಲೋಹದ ತುಂಡುಗಳಿರುವ ಪಕ್ ಡಿಸ್ಕ್ ರೇಸಿಗೆ ಸರಿ. ಊರೊಳಗೆ ಅದರ ನಡುಕ ತಡೆಯಲಾಗದು.

ಎಡವುವುದು ಅಳತೆಯಲ್ಲಿ. ಫ್ಲೈವೀಲ್ ಹಲ್ಲು ಎಣಿಸಿ: 168 ಇದ್ದರೆ 11 ಇಂಚಿನ ಕ್ಲಚ್, 153 ಇದ್ದರೆ 10.4. ಗೇರ್‌ಬಾಕ್ಸ್ ಶಾಫ್ಟಿನ ಸ್ಪ್ಲೈನ್ (ಉದ್ದುದ್ದ ಹಲ್ಲು) 10 ಇರಬಹುದು, 26 ಇರಬಹುದು. ಹಳೆಯ ಗಾಡಿಯಲ್ಲಿ ಯಾರು ಯಾವ ಬಾಕ್ಸ್ ಕೂರಿಸಿದ್ದಾರೋ, ಕೈಯಿಂದಲೇ ಎಣಿಸಬೇಕು. ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಡಯಾಫ್ರಂ ಬೆರಳುಗಳನ್ನು ತಳ್ಳುವುದು) ಎರಡು ಉದ್ದದಲ್ಲಿ ಬರುತ್ತದೆ. ಗಿಡ್ಡದು ಬೇಕಾದಲ್ಲಿ ಉದ್ದದ್ದು ಹಾಕಿದರೆ ಫ್ರೀ ಪ್ಲೇ (ಕ್ಲಚ್ ಬಿಡುವ ಮುನ್ನ ಪೆಡಲಿನ ಸಡಿಲ ಓಟ) ಸಿಗದೆ ಕ್ಲಚ್ ಜಾರಿ ಸುಟ್ಟುಹೋಗುತ್ತದೆ.

ಗೇರ್‌ಬಾಕ್ಸ್ ಶಾಫ್ಟಿನ ತುದಿ ಕೂರುವ ಪೈಲಟ್ ಬುಷ್‌ಗೆ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದರಲ್ಲಿ ಕಬ್ಬಿಣವಿದೆ, ಶಾಫ್ಟಿನ ತುದಿ ತಿನ್ನುತ್ತದೆ; ಕಂಚಿನದೇ ಹಾಕಿ. ಫ್ಲೈವೀಲ್ ಮುಖ ಸಾಣೆ ಹಿಡಿಸಿ, ಬ್ರೇಕ್ ಕ್ಲೀನರಿನಿಂದ ಒರೆಸಿ. ಡಿಸ್ಕಿಗೆ ಗ್ರೀಸ್ ಬೆರಳು ಸೋಕಿದರೂ ನಡುಕ ಶುರು. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಪೆಡಲಿನಲ್ಲಿ ಸುಮಾರು 1 ಇಂಚು ಫ್ರೀ ಪ್ಲೇ ಬಿಡಿ. ಮೊದಲ 800 ಕಿಲೋಮೀಟರ್ ಊರೊಳಗಿನ ಓಡಾಟವಷ್ಟೇ, ಟೈರ್ ಸುಡುವ ಆಟ ಬೇಡ.